ಗುಟ್ಟಾದರೆ ಕೈವಾಡ, ಬೀದಿಗೆ ಬಂದರೆ ಪ್ರತಿಭಟನೆ: ಕೆನಡಾ ಗೆರೆ ಎಳೆಯಲು ಹೊರಟ ಕಥೆ

2022ರ ಮೇ ತಿಂಗಳಲ್ಲಿ ಒಂದು ಸಣ್ಣ ವಿಡಿಯೊ ನಮ್ಮ ವಾಟ್ಸಾಪ್ ಗುಂಪುಗಳಲ್ಲೆಲ್ಲ ಓಡಾಡಿತ್ತು, ನೆನಪಿದೆಯಾ? ಕೆನಡಾ ಸಂಸತ್ತಿನಲ್ಲಿ ಒಬ್ಬರು ಎದ್ದು ನಿಂತು ಕನ್ನಡದಲ್ಲಿ ಮಾತಾಡಿದ್ದರು. ತುಮಕೂರು ಜಿಲ್ಲೆ ಶಿರಾ ತಾಲ್ಲೂಕಿನಿಂದ ಹೋದ ಚಂದ್ರ ಆರ್ಯ. ಆಗ ಒಟ್ಟಾವಾದ ನೆಪಿಯನ್ ಕ್ಷೇತ್ರದ ಲಿಬರಲ್ ಪಕ್ಷದ ಸಂಸದರಾಗಿದ್ದರು. ಭಾರತದ ಹೊರಗಿನ ಸಂಸತ್ತಿನಲ್ಲಿ ಕನ್ನಡ ಕೇಳಿಸಿದ್ದು ಇದೇ ಮೊದಲು ಎಂದು ಅವರು ಹೇಳಿಕೊಂಡರು. ನಾವೂ ಖುಷಿಪಟ್ಟು ಫಾರ್ವರ್ಡ್ ಮಾಡಿದೆವು.

ಮೂರು ವರ್ಷವೂ ಪೂರ್ತಿ ಆಗಿರಲಿಲ್ಲ. 2025ರ ಜನವರಿಯಲ್ಲಿ ಪಕ್ಷದ ನಾಯಕತ್ವದ ಸ್ಪರ್ಧೆಗೆ ಇಳಿಯಲು ಹೋದಾಗ ಪಕ್ಷ ಅವರನ್ನು ಬಿಡಲಿಲ್ಲ. ಮಾರ್ಚ್‌ನಲ್ಲಿ ಕೊಟ್ಟ ಟಿಕೆಟ್ಟನ್ನೂ ಕಿತ್ತುಕೊಂಡಿತು. ಅದೇ ನೆಪಿಯನ್‌ನಲ್ಲಿ ಮಾರ್ಕ್ ಕಾರ್ನಿ ನಿಂತು ಗೆದ್ದು ಪ್ರಧಾನಿಯಾಗಿ ಮುಂದುವರಿದರು. ಪಕ್ಷ ಕಾರಣವನ್ನು ಬಿಡಿಸಿ ಹೇಳಲಿಲ್ಲ. ಆರ್ಯ 2024ರ ಆಗಸ್ಟ್‌ನಲ್ಲಿ ದೆಹಲಿಗೆ ಹೋಗಿ ಪ್ರಧಾನಿ ಮೋದಿಯವರನ್ನು ಕಂಡಿದ್ದರು, ಅವರಿಗೆ ಭಾರತ ಸರ್ಕಾರದ ಜೊತೆ ಹತ್ತಿರದ ನಂಟಿದೆ ಎಂದು ಗುಪ್ತಚರ ಸಂಸ್ಥೆ ಸರ್ಕಾರಕ್ಕೆ ತಿಳಿಸಿತ್ತು ಎಂದು 'ಗ್ಲೋಬ್ ಆ್ಯಂಡ್ ಮೇಲ್' ಪತ್ರಿಕೆ ಬರೆಯಿತು. ಆರ್ಯ ಒಪ್ಪಲಿಲ್ಲ. ಸಂಸದನಾಗಿ ಹತ್ತಾರು ನಾಯಕರನ್ನು ಭೇಟಿ ಮಾಡುತ್ತೇನೆ, ಅದಕ್ಕೆ ಯಾರ ಅಪ್ಪಣೆಯೂ ಬೇಕಿಲ್ಲ, ಖಲಿಸ್ತಾನಿ ಉಗ್ರವಾದದ ವಿರುದ್ಧ ಮಾತಾಡಿದ್ದೇ ಪಕ್ಷದ ಜೊತೆಗಿನ ತಕರಾರು ಎಂದರು.

ಅವರ ಮೇಲೆ ಯಾವ ಕೇಸೂ ಇಲ್ಲ. ಹಾಗಾಗಿ ಯಾರು ಸರಿ ಎಂದು ಇಲ್ಲಿ ಕೂತು ಹೇಳುವ ಗೋಜಿಗೆ ನಾನು ಹೋಗುವುದಿಲ್ಲ. ನನಗೆ ಕಾಡುವುದು ಬೇರೆ ಪ್ರಶ್ನೆ. ಒಬ್ಬ ಜನಪ್ರತಿನಿಧಿ ತಾನು ಹುಟ್ಟಿದ ದೇಶದ ಪ್ರಧಾನಿಯನ್ನು ಕಾಣುವುದು ಎಲ್ಲಿಯ ತನಕ ಸಂಬಂಧ, ಎಲ್ಲಿಂದ ಮುಂದೆ ಕೈವಾಡ? ಕೆನಡಾ ಈಗ ಇದೇ ಪ್ರಶ್ನೆಯನ್ನು ಸಂಸದರಿಗೂ, ಬೀದಿಯಲ್ಲಿ ಬಾವುಟ ಹಿಡಿದವರಿಗೂ, ಲಾರಿ ಚಾಲಕರಿಗೂ ಒಟ್ಟೊಟ್ಟಿಗೆ ಕೇಳುತ್ತಿದೆ.

'ವಿದೇಶಿ ಕೈವಾಡ' ನಮಗೆ ಹೊಸ ಮಾತಲ್ಲ. ಇಂದಿರಾ ಗಾಂಧಿಯವರ ಕಾಲದಲ್ಲಿ ಏನೇ ಗಲಾಟೆಯಾದರೂ ಈ ಮಾತು ಕೇಳಿಬರುತ್ತಿತ್ತು. ಕೈ ಯಾರದ್ದು, ಎಲ್ಲಿತ್ತು ಎಂದು ಯಾರೂ ತೋರಿಸುತ್ತಿರಲಿಲ್ಲ. ಕೆನಡಾದಲ್ಲಿ ಒಂದು ವ್ಯತ್ಯಾಸ ಇದೆ. ಅಲ್ಲಿ ಈ ಮಾತಿಗೆ ಕಾನೂನಿನಲ್ಲಿ ಅರ್ಥ ಬರೆದಿಟ್ಟಿದ್ದಾರೆ. 1984ರ ಗುಪ್ತಚರ ಸೇವೆ ಕಾಯ್ದೆಯ 2ನೇ ಸೆಕ್ಷನ್. ಹೊರದೇಶದ ಪ್ರಭಾವದಿಂದ ನಡೆಯುವ, ಕೆನಡಾದ ಹಿತಕ್ಕೆ ಪೆಟ್ಟು ಕೊಡುವ ಕೆಲಸವಾಗಿರಬೇಕು. ಅಷ್ಟೇ ಸಾಲದು. ಅದು ಗುಟ್ಟಾಗಿ ಅಥವಾ ಮೋಸದಿಂದ ನಡೆದಿರಬೇಕು, ಇಲ್ಲವೇ ಯಾರಿಗಾದರೂ ಬೆದರಿಕೆ ಒಡ್ಡಿರಬೇಕು. ಅದೇ ಸೆಕ್ಷನ್ನಿನ ಕೊನೆಗೆ ಇನ್ನೊಂದು ಸಾಲಿದೆ. ಕಾನೂನಿನ ಒಳಗಿರುವ ವಾದ, ಪ್ರತಿಭಟನೆ, ಭಿನ್ನಮತ ಇವು ಯಾವುವೂ ಭದ್ರತೆಗೆ ಅಪಾಯವಲ್ಲ, ಮೇಲೆ ಹೇಳಿದ ಕೆಲಸಗಳ ಜೊತೆ ಸೇರಿಕೊಂಡಿದ್ದರೆ ಮಾತ್ರ ಬೇರೆ ಮಾತು.

ಕಳೆದ ಕೆಲವು ವರ್ಷಗಳ ಕೆನಡಾದ ಜಗಳಗಳಲ್ಲಿ ಜಾಸ್ತಿ ಪಾಲು ಈ ಕೊನೆಯ ಸಾಲಿನ ಸುತ್ತಲೇ ಸುತ್ತುತ್ತಿದೆ ಎಂದು ನನಗೆ ಅನ್ನಿಸುತ್ತದೆ.

ಆ ಸಾಲು ಸುಮ್ನೆ ಬಂದದ್ದಲ್ಲ. 1970ರ ಅಕ್ಟೋಬರ್‌ನಲ್ಲಿ ಫ್ರೆಂಚ್ ಮಾತಾಡುವ ಕ್ವಿಬೆಕ್ ಪ್ರಾಂತ್ಯದ ಪ್ರತ್ಯೇಕತಾವಾದಿ ಉಗ್ರರು ಬ್ರಿಟಿಷ್ ಅಧಿಕಾರಿಯೊಬ್ಬರನ್ನು ಅಪಹರಿಸಿದರು, ಪ್ರಾಂತ್ಯದ ಸಚಿವ ಪಿಯರ್ ಲಾಪೋರ್ಟ್ ಅವರನ್ನು ಅಪಹರಿಸಿ ಕೊಂದರು. ಆಗ ಪ್ರಧಾನಿಯಾಗಿದ್ದ ಪಿಯರ್ ಟ್ರೂಡೊ ಯುದ್ಧಕಾಲದ ಕಾಯ್ದೆಯನ್ನು ಶಾಂತಿಕಾಲದಲ್ಲಿ ಹೊರತೆಗೆದರು. ವಾರಂಟ್ ಇಲ್ಲದೆ ಸುಮಾರು 500 ಜನರನ್ನು ಹಿಡಿದರು. ಹೆಚ್ಚಿನವರ ಮೇಲೆ ಕೇಸೇ ಹಾಕಲಿಲ್ಲ. ಅದಾದ ಮೇಲೆ ಫೆಡರಲ್ ಪೊಲೀಸರ ಭದ್ರತಾ ವಿಭಾಗಕ್ಕೆ ಮೂಗುದಾರವೇ ಇಲ್ಲದಂತಾಯಿತು. 1972ರಲ್ಲಿ ಕ್ವಿಬೆಕ್‌ನ ಒಂದು ಕೊಟ್ಟಿಗೆಗೆ ಅವರೇ ಬೆಂಕಿ ಇಟ್ಟರು, ಅಲ್ಲಿ ಉಗ್ರರ ಸಭೆ ನಡೆಯದಿರಲಿ ಎಂದು! 1973ರಲ್ಲಿ ಚುನಾವಣೆಗೆ ನಿಲ್ಲುವ, ಕಾನೂನಿನ ಒಳಗೇ ಇದ್ದ ಪಾರ್ಟಿ ಕ್ವಿಬೆಕ್ವಾ ಪಕ್ಷದ ಸದಸ್ಯರ ಪಟ್ಟಿಯನ್ನು ಕದ್ದರು. ಜನರ ಕಾಗದಗಳನ್ನು ಒಡೆದು ಓದಿದರು. ಇದೆಲ್ಲ ಬಯಲಾಗಿ, ಮ್ಯಾಕ್‌ಡೊನಾಲ್ಡ್ ಆಯೋಗ ವರ್ಷಗಟ್ಟಲೆ ವಿಚಾರಣೆ ಮಾಡಿ, ಗೂಢಚರ್ಯೆಯನ್ನು ಪೊಲೀಸರ ಕೈಯಿಂದ ಬಿಡಿಸಿ ಎಂದಿತು. ಹಾಗೆ ಹುಟ್ಟಿದ್ದು 1984ರ ಗುಪ್ತಚರ ಸಂಸ್ಥೆ, ಸೀಸಿಸ್ (CSIS). ಪ್ರತಿಭಟನೆ ಮಾಡುವವನನ್ನು ಶತ್ರು ಎಂದು ಕಂಡು ಕೈ ಸುಟ್ಟುಕೊಂಡವರು ಬರೆದ ಸಾಲು ಅದು.

ಆದರೆ ಮರುವರ್ಷವೇ, 1985ರ ಜೂನ್ 23ರಂದು, ಏರ್ ಇಂಡಿಯಾದ 'ಕನಿಷ್ಕ' ವಿಮಾನ ಖಲಿಸ್ತಾನಿ ಉಗ್ರರು ಇಟ್ಟ ಬಾಂಬಿಗೆ ಐರ್ಲೆಂಡ್ ಕರಾವಳಿಯ ಬಳಿ ಆಕಾಶದಲ್ಲೇ ಸಿಡಿಯಿತು. 329 ಜನ ಸತ್ತರು. ಸತ್ತವರಲ್ಲಿ ಹೆಚ್ಚಿನವರು ಕೆನಡಾದ ಪ್ರಜೆಗಳೇ. ಹೊಸ ಸಂಸ್ಥೆ ಶಂಕಿತರ ಮಾತುಗಳನ್ನು ಟೇಪ್ ಮಾಡಿಕೊಂಡಿತ್ತು, ಆಮೇಲೆ ಆ ಟೇಪುಗಳನ್ನು ಅಳಿಸಿಯೂ ಹಾಕಿತ್ತು. ಶಿಕ್ಷೆಯಾದದ್ದು ಒಬ್ಬನಿಗೆ ಮಾತ್ರ. 2010ರಲ್ಲಿ ಬಂದ ಮೇಜರ್ ಆಯೋಗದ ವರದಿ, ಸಾಲು ಸಾಲು ತಪ್ಪುಗಳಾಗಿವೆ ಎಂದು ಹೇಳಿತು.

ಭಾರತೀಯರ ಸಿಟ್ಟಿನ ಬೇರು ಇರುವುದು ಇಲ್ಲೇ. ಖಲಿಸ್ತಾನಿ ಮೆರವಣಿಗೆ ಎಂದರೆ ನಮಗೆ ಕನಿಷ್ಕ ನೆನಪಾಗುತ್ತದೆ. ಕೆನಡಾದ ಕಾನೂನಿಗೆ ಅದು ಎರಡು ಬೇರೆ ಬೇರೆ ವಿಷಯ. ಖಲಿಸ್ತಾನಿ ಗುಂಪಾದ ಬಬ್ಬರ್ ಖಾಲ್ಸಾ 2003ರಿಂದಲೂ ಅಲ್ಲಿ ನಿಷೇಧಿತ ಉಗ್ರ ಸಂಘಟನೆ. ಆದರೆ ಪ್ರತ್ಯೇಕ ದೇಶ ಬೇಕು ಎಂದು ಕೂಗುವುದು ಅಪರಾಧವಲ್ಲ. ಇಲ್ಲಿ ಒಂದು ವಿಷಯ ನಾವು ಮರೆಯುತ್ತೇವೆ. ಕೆನಡಾವನ್ನೇ ಒಡೆಯಬೇಕು ಎನ್ನುವ ಕ್ವಿಬೆಕ್ ಪಕ್ಷಗಳೂ ಅಲ್ಲಿ ಚುನಾವಣೆಗೆ ನಿಲ್ಲುತ್ತವೆ, ಗೆಲ್ಲುತ್ತವೆ, ಪ್ರಮಾಣವಚನ ತೆಗೆದುಕೊಳ್ಳುತ್ತವೆ. ತನ್ನನ್ನೇ ಒಡೆಯುವ ಮಾತಿಗೆ ಜಾಗ ಕೊಟ್ಟ ದೇಶ ಇನ್ನೊಂದು ದೇಶವನ್ನು ಒಡೆಯುವ ಮಾತಿಗೆ ಬೀಗ ಹಾಕುವುದು ಕಷ್ಟ. ಹಾಗಂತ 2023ರಲ್ಲಿ ಬ್ರಾಂಪ್ಟನ್‌ನಲ್ಲಿ ಇಂದಿರಾ ಹತ್ಯೆಯನ್ನು ಸ್ತಬ್ಧಚಿತ್ರ ಮಾಡಿ ಮೆರೆಸಿದ್ದು ಅಸಹ್ಯವಲ್ಲ ಎಂದು ನಾನು ಹೇಳುತ್ತಿಲ್ಲ. ಅಸಹ್ಯ ಬೇರೆ, ಅಪರಾಧ ಬೇರೆ.

ಆ ಮೆರವಣಿಗೆಯ ಬೆನ್ನಲ್ಲೇ, 2023ರ ಜೂನ್ 18ರಂದು, ಕೆನಡಾದ ಸರ್ರೆಯ ಗುರುದ್ವಾರದ ಹೊರಗೆ ಖಲಿಸ್ತಾನಿ ಮುಖಂಡ ಹರ್ದೀಪ್ ಸಿಂಗ್ ನಿಜ್ಜರ್ ಕೊಲೆಯಾಯಿತು. ಭಾರತ 2020ರಲ್ಲೇ ಅವನನ್ನು ಭಯೋತ್ಪಾದಕ ಎಂದು ಘೋಷಿಸಿತ್ತು. ಸೆಪ್ಟೆಂಬರ್ 18ರಂದು ಆಗಿನ ಪ್ರಧಾನಿ, ಪಿಯರ್ ಟ್ರೂಡೊ ಅವರ ಮಗ ಜಸ್ಟಿನ್ ಟ್ರೂಡೊ ಸಂಸತ್ತಿನಲ್ಲಿ ನಿಂತು, ಇದರಲ್ಲಿ ಭಾರತ ಸರ್ಕಾರದ ಏಜೆಂಟರ ಪಾತ್ರ ಇದೆ ಎಂಬ ನಂಬಲರ್ಹ ಆರೋಪಗಳಿವೆ ಎಂದರು. ಭಾರತ ಸಾರಾಸಗಟಾಗಿ ತಳ್ಳಿಹಾಕಿತು. ಕೆನಡಾದವರಿಗೆ ವೀಸಾ ನಿಂತಿತು, ಕೆನಡಾದ 41 ರಾಜತಾಂತ್ರಿಕರು ವಾಪಸ್ ಹೋದರು. 2024ರ ಮೇನಲ್ಲಿ ಭಾರತೀಯ ಯುವಕರ ಬಂಧನ ಶುರುವಾಯಿತು, ಒಟ್ಟು ನಾಲ್ವರು. ಅಕ್ಟೋಬರ್‌ನಲ್ಲಿ ಎರಡೂ ಕಡೆಯವರು ಆರಾರು ರಾಜತಾಂತ್ರಿಕರನ್ನು ಹೊರಹಾಕಿದರು. ಮುಂದೆ ಕಾರ್ನಿ ಬಂದು, 2025ರ ಜೂನ್‌ನಲ್ಲಿ ಜಿ7 ಸಭೆಗೆ ಮೋದಿಯವರನ್ನು ಕರೆದು, ಹೈಕಮಿಷನರ್‌ಗಳನ್ನು ಮತ್ತೆ ನೇಮಿಸುವ ಮಾತಾಯಿತು. ಸೀಸಿಸ್‌ನ 2024ನೇ ಸಾಲಿನ ವರದಿ ಹೊರಬಂದದ್ದೂ ಅದೇ ದಿನಗಳಲ್ಲಿ. ಭಾರತ ಕೆನಡಾದ ಒಳಗೆ ಕೈಯಾಡಿಸುತ್ತಿದೆ ಎಂದೂ ಅದರಲ್ಲಿತ್ತು, ಖಲಿಸ್ತಾನಿ ಉಗ್ರರು ಕೆನಡಾ ನೆಲವನ್ನು ಹಿಂಸೆಯ ತಯಾರಿಗೆ ಬಳಸುತ್ತಿದ್ದಾರೆ ಎಂದೂ ಇತ್ತು. ಎರಡೂ ದೇಶಗಳ ಪತ್ರಿಕೆಗಳು ತಮತಮಗೆ ಬೇಕಾದ ಪುಟವನ್ನು ಮಾತ್ರ ಓದಿದವು.

ಈ ಬೇಕಾದ್ದನ್ನೇ ಓದುವ ಚಟಕ್ಕೆ ಇನ್ನೊಂದು ಉದಾಹರಣೆ ಹೇಳಬೇಕು. ಚುನಾವಣೆಗಳಲ್ಲಿ ಹೊರಗಿನ ಹಸ್ತಕ್ಷೇಪವನ್ನು ತನಿಖೆ ಮಾಡಿದ ನ್ಯಾಯಮೂರ್ತಿ ಮಾರಿ-ಜೋಸೆ ಓಗ್ ಅವರ ಅಂತಿಮ ವರದಿ 2025ರ ಜನವರಿ 28ರಂದು ಬಂತು. 'ಹೊರದೇಶದ ನಂಟು ಖಚಿತವಾಗಿ ಸಾಬೀತಾಗಿಲ್ಲ' ಎಂಬರ್ಥದ ಒಂದು ಮಾತು ಅದರಲ್ಲಿತ್ತು. ನಿಜ್ಜರ್ ಕೊಲೆಯಲ್ಲಿ ಭಾರತಕ್ಕೆ ಕ್ಲೀನ್ ಚಿಟ್ ಸಿಕ್ಕಿತು ಎಂದು ನಮ್ಮ ಚಾನೆಲ್‌ಗಳು ಕುಣಿದವು. ಆ ಮಾತು ಇದ್ದದ್ದು ಕೊಲೆಯ ಬಗ್ಗೆ ಅಲ್ಲ. ಟ್ರೂಡೊ ಹೇಳಿಕೆಯ ನಂತರ ಇಂಟರ್ನೆಟ್ಟಿನಲ್ಲಿ ಹಬ್ಬಿದ ಸುಳ್ಳು ಪ್ರಚಾರದ ಬಗ್ಗೆ. ಅದೇ ವರದಿ, ಚುನಾವಣೆಯಲ್ಲಿ ಕೈಯಾಡಿಸುವುದರಲ್ಲಿ ಚೀನಾ ಮೊದಲು, ಭಾರತ ಎರಡನೆಯದು ಎಂದೂ ಹೇಳಿತ್ತು. ಆ ಭಾಗವನ್ನು ದೆಹಲಿ ತಿರಸ್ಕರಿಸಿತು. ಕೆನಡಾದ ವಿರೋಧ ಪಕ್ಷಗಳಿಗೂ ವರದಿಯಲ್ಲಿ ನಿರಾಸೆ ಕಾದಿತ್ತು. ಸಂಸತ್ತಿನ ಒಳಗೆ 'ದ್ರೋಹಿಗಳು' ಕೂತಿದ್ದಾರೆ ಎಂದು ತಿಂಗಳುಗಟ್ಟಲೆ ಎದ್ದಿದ್ದ ಗುಲ್ಲಿಗೆ ಪುರಾವೆ ಇಲ್ಲ, 2019 ಮತ್ತು 2021ರ ಚುನಾವಣೆಗಳಲ್ಲಿ ಯಾವ ಪಕ್ಷ ಸರ್ಕಾರ ಮಾಡಬೇಕು ಎಂಬುದು ಇದರಿಂದ ಬದಲಾಗಲಿಲ್ಲ ಎಂದರು ಓಗ್. ಸುಳ್ಳು ಸುದ್ದಿಯೇ ದೊಡ್ಡ ಅಪಾಯ ಎನ್ನುವುದು ಅವರ ಮಾತು.

ಹೊರಗಿನ ಕೈ ಹೇಗೆ ನುಸುಳುತ್ತದೆ ಎನ್ನುವುದಕ್ಕೆ ಆಯೋಗ ನೋಡಿದ ಒಂದು ಪ್ರಕರಣ ತುಂಬಾ ಚಿಕ್ಕದು, ಅದಕ್ಕೇ ನೆನಪಿನಲ್ಲಿ ಉಳಿಯುತ್ತದೆ. 2019ರಲ್ಲಿ ಟೊರೊಂಟೊದ ಡಾನ್ ವ್ಯಾಲಿ ನಾರ್ತ್ ಕ್ಷೇತ್ರದಲ್ಲಿ ಲಿಬರಲ್ ಪಕ್ಷದ ಅಭ್ಯರ್ಥಿಯನ್ನು ಆರಿಸುವ ಸಭೆ. ಚೀನಾದಿಂದ ಓದಲು ಬಂದ ಹೈಸ್ಕೂಲು ವಿದ್ಯಾರ್ಥಿಗಳನ್ನು ಬಸ್ಸಿನಲ್ಲಿ ಕರೆತಂದರು. ಅವರು ಓಟು ಹಾಕುವುದು ತಪ್ಪೇ ಆಗಿರಲಿಲ್ಲ! 14 ವರ್ಷ ದಾಟಿ ಕ್ಷೇತ್ರದಲ್ಲಿ ವಾಸವಿದ್ದರೆ ಸಾಕು, ಪೌರತ್ವ ಬೇಕಿಲ್ಲ ಎನ್ನುವುದು ಪಕ್ಷದ ನಿಯಮ. ಚೀನಾದ ಕಾನ್ಸುಲೇಟ್ ಇದರ ಹಿಂದಿತ್ತು, ಓಟು ಹಾಕದಿದ್ದರೆ ವೀಸಾಕ್ಕೆ ತೊಂದರೆಯಾದೀತು ಎಂಬ ಸೂಚನೆ ಮಕ್ಕಳಿಗೆ ಹೋಗಿತ್ತು ಎಂಬ ಗುಪ್ತಚರ ಮಾಹಿತಿ ಆಯೋಗದ ಮುಂದೆ ಬಂತು. ಆ ಕ್ಷೇತ್ರದಲ್ಲಿ ಲಿಬರಲ್ ಟಿಕೆಟ್ ಸಿಕ್ಕರೆ ಅರ್ಧ ಗೆದ್ದಂತೆ. ಇಡೀ ದೇಶದ ಚುನಾವಣೆಯನ್ನು ಹೊಂಚುವ ಬದಲು ಒಂದು ಹಾಲ್‌ನಲ್ಲಿ ನಡೆಯುವ ಸಭೆ ಸಾಕು, ಅಲ್ವಾ? 2025ರಲ್ಲಿ ನಾಯಕನನ್ನು ಆರಿಸುವಾಗ ಲಿಬರಲ್ಲರು ಪ್ರಜೆಗಳು ಮತ್ತು ಕಾಯಂ ನಿವಾಸಿಗಳು ಮಾತ್ರ ಎಂದು ನಿಯಮ ಬಿಗಿ ಮಾಡಿದರು.

ಸರ್ಕಾರವೂ ಕಾನೂನು ತಂದಿತು. 2024ರ ಮೇನಲ್ಲಿ ಮಂಡನೆ, ಜೂನ್ 20ಕ್ಕೆ ಅಂಗೀಕಾರದ ಮುದ್ರೆ. ಆರೇಳು ವಾರದ ಕೆಲಸ. ಹೊರದೇಶದ ಪರವಾಗಿ ಗುಟ್ಟಾಗಿ ರಾಜಕೀಯಕ್ಕೆ ಕೈ ಹಾಕಿದರೆ ಜೀವಾವಧಿ ತನಕ ಶಿಕ್ಷೆ. ಪಕ್ಷದ ಒಳಗಿನ ಅಭ್ಯರ್ಥಿ ಆಯ್ಕೆಯೂ ಇದರ ವ್ಯಾಪ್ತಿಗೆ ಬಂತು. ಹೊರಸರ್ಕಾರದ ಪರ ಲಾಬಿ ಮಾಡುವವರು 14 ದಿನದೊಳಗೆ ಹೆಸರು ನೋಂದಾಯಿಸಬೇಕು ಎಂಬ ವ್ಯವಸ್ಥೆಗೂ ಇದೇ ಕಾಯ್ದೆ ದಾರಿ ಮಾಡಿತು. ವಿಧ್ವಂಸಕ ಕೃತ್ಯದ ಕಲಮಿನಲ್ಲಿ ಮತ್ತೆ ಅದೇ ಹಳೆಯ ಸಾಲು: ಗಂಭೀರ ಹಾನಿ ಮಾಡುವ ಉದ್ದೇಶವಿಲ್ಲದ ಪ್ರತಿಭಟನೆಗೆ ಇದು ಅನ್ವಯಿಸದು.

ಈಗ ಲಾರಿಗಳ ಕಥೆಗೆ ಬರೋಣ. ಆ ಸಾಲಿಗೆ ನಿಜವಾದ ಪರೀಕ್ಷೆ ಆದದ್ದು ಅಲ್ಲಿ.

2022ರ ಜನವರಿಯಲ್ಲಿ, ಗಡಿ ದಾಟಿ ಬರುವ ಲಾರಿ ಚಾಲಕರಿಗೂ ಕೋವಿಡ್ ಲಸಿಕೆ ಬೇಕು ಎಂದಾಗ ಸಿಟ್ಟು ಸ್ಫೋಟವಾಯಿತು. ನೂರಾರು ಲಾರಿಗಳು ಒಟ್ಟಾವಾ ಸಂಸತ್ತಿನ ಮುಂದೆ ಬಂದು ನಿಂತವು, ಮೂರು ವಾರ ಕದಲಲಿಲ್ಲ. ಹಗಲು ರಾತ್ರಿ ಹಾರ್ನ್. ಕೊನೆಗೆ ಊರಿನವರು ಕೋರ್ಟಿಗೆ ಹೋಗಿ ಹಾರ್ನ್ ನಿಲ್ಲಿಸುವ ಆದೇಶ ತರಬೇಕಾಯಿತು. ವಿಂಡ್ಸರ್‌ನ ಅಂಬಾಸಿಡರ್ ಸೇತುವೆ ಬಂದ್ ಆಯಿತು. ಕೆನಡಾ-ಅಮೆರಿಕ ನಡುವಿನ ಸರಕಿನಲ್ಲಿ ಸುಮಾರು ಕಾಲುಭಾಗ ಓಡಾಡುವ ಸೇತುವೆ ಅದು. ದುಡ್ಡು ಹರಿದು ಬಂತು, ಅಮೆರಿಕದಿಂದಲೂ ಧಾರಾಳವಾಗಿ. ಟ್ರಂಪ್ ಹೊಗಳಿದರು. ಆಡಳಿತ ಪಕ್ಷದವರ ಬಾಯಲ್ಲಿ ಬಂದದ್ದು ಯಾವ ಮಾತು? ವಿದೇಶಿ ಹಣ, ವಿದೇಶಿ ಪ್ರಭಾವ.

ಫೆಬ್ರವರಿ 14ರಂದು ಟ್ರೂಡೊ ತುರ್ತು ಕಾಯ್ದೆ ಜಾರಿ ಮಾಡಿದರು. 1988ರಲ್ಲಿ ಆದ ಕಾಯ್ದೆ ಮೊದಲ ಬಾರಿಗೆ ಹೊರಬಂತು. ಅಪ್ಪ 1970ರಲ್ಲಿ ಬಳಸಿದ ಯುದ್ಧಕಾಲದ ಕಾಯ್ದೆಯ ಜಾಗಕ್ಕೇ ಇದು ಬಂದದ್ದು. ಆ ಹಳೆಯ ಕಾಯ್ದೆಗೆ ಇನ್ನೂ ಕರಾಳ ಚರಿತ್ರೆಯಿತ್ತು. ಎರಡನೇ ಮಹಾಯುದ್ಧದಲ್ಲಿ ಅದೇ ಕಾಯ್ದೆಯ ಬಲದಿಂದ ಸುಮಾರು 22,000 ಜಪಾನಿ ಮೂಲದವರನ್ನು ಮನೆ ಮಠದಿಂದ ಎಬ್ಬಿಸಿ ಶಿಬಿರಗಳಿಗೆ ತಳ್ಳಿದ್ದರು. ಅವರಲ್ಲಿ ಬಹುಪಾಲು ಕೆನಡಾದ ಪ್ರಜೆಗಳು. 'ಹೊರಗಿನವರ ಕೈ' ಎಂಬ ಗುಮಾನಿಯೇ ಕಾರಣ. 1988ರಲ್ಲಿ ಸರ್ಕಾರ ಅವರ ಕ್ಷಮೆ ಕೇಳಿತು. ಬಹುಸಂಸ್ಕೃತಿ ಕಾಯ್ದೆ ಬಂದದ್ದೂ ಅದೇ ವರ್ಷ.

ಹೊಸ ತುರ್ತು ಕಾಯ್ದೆಗೆ ಒಂದು ಬೇಲಿ ಹಾಕಿದ್ದರು. 'ದೇಶದ ಭದ್ರತೆಗೆ ಅಪಾಯ' ಎಂದರೇನು ಎನ್ನುವುದಕ್ಕೆ ಅದು ತನ್ನದೇ ಅರ್ಥ ಕೊಡುವುದಿಲ್ಲ, ಗುಪ್ತಚರ ಕಾಯ್ದೆಯ 2ನೇ ಸೆಕ್ಷನ್ ನೋಡಿ ಎನ್ನುತ್ತದೆ. ಪ್ರತಿಭಟನೆಯನ್ನು ಹೊರಗಿಟ್ಟ ಅದೇ ಸೆಕ್ಷನ್! ಆಗಿನ ಸೀಸಿಸ್ ಮುಖ್ಯಸ್ಥ ಡೇವಿಡ್ ವಿಗ್ನೋ ಆಮೇಲೆ ಸಾಕ್ಷಿ ಹೇಳಿದರು: ನಮ್ಮ ಕಾಯ್ದೆಯ ಲೆಕ್ಕದಲ್ಲಿ ಲಾರಿ ಗಲಾಟೆ ಭದ್ರತೆಗೆ ಅಪಾಯವಾಗಿರಲಿಲ್ಲ, ಆದರೂ ತುರ್ತು ಕಾಯ್ದೆ ಬಳಸಿ ಎಂದು ನಾನೇ ಸಲಹೆ ಕೊಟ್ಟೆ. ವಿಚಿತ್ರವಾಗಿ ಕೇಳಿಸುತ್ತದೆ. ಸರ್ಕಾರದ ವಾದ, ಅದೇ ಪದಗಳನ್ನು ಸಚಿವ ಸಂಪುಟ ಇನ್ನಷ್ಟು ಅಗಲವಾಗಿ ಓದಬಹುದು ಎಂದಾಗಿತ್ತು. ಹೊರದೇಶದ ಸರ್ಕಾರ ಯಾವುದೂ ಹಿಂದೆ ನಿಂತಿದ್ದು ಗುಪ್ತಚರರಿಗೆ ಕಂಡಿರಲಿಲ್ಲ. ದುಡ್ಡು ಕೊಟ್ಟವರು ಗಡಿಯಾಚೆಯ ಮಾಮೂಲಿ ಜನ.

ಒಂಬತ್ತು ದಿನದಲ್ಲಿ ಕಾಯ್ದೆ ವಾಪಸಾಯಿತು. ಅಷ್ಟರಲ್ಲಿ ಸುಮಾರು 280 ಬ್ಯಾಂಕ್ ಖಾತೆಗಳು ಸ್ತಂಭನವಾಗಿದ್ದವು. ವಿಚಾರಣೆ ಮಾಡಿದ ನ್ಯಾಯಮೂರ್ತಿ ಪಾಲ್ ರೂಲೋ, ಒಲ್ಲದ ಮನಸ್ಸಿನಿಂದಲೇ, ಸರ್ಕಾರ ಮಾಡಿದ್ದು ಕಾನೂನಿನ ಮಿತಿಯೊಳಗೇ ಇತ್ತು ಎಂದರು. 2024ರ ಜನವರಿಯಲ್ಲಿ ಫೆಡರಲ್ ಕೋರ್ಟಿನ ರಿಚರ್ಡ್ ಮೋಸ್ಲಿ ಅದಕ್ಕೆ ಉಲ್ಟಾ ಹೇಳಿದರು. ಕಾಯ್ದೆ ಬಳಸಿದ್ದು ಸರಿಯಲ್ಲ, ಖಾತೆ ಮುಟ್ಟಿದ್ದು ಸಂವಿಧಾನದ ಹಕ್ಕುಗಳ ಸನ್ನದಿಗೆ ವಿರುದ್ಧ. ಇಬ್ಬರೂ ನೋಡಿದ್ದು ಅವೇ ಲಾರಿಗಳನ್ನು. ನನ್ನ ಮನಸ್ಸು ಮೋಸ್ಲಿಯವರ ಕಡೆಗೆ ವಾಲುತ್ತದೆ. ಸೇತುವೆಯನ್ನು ಪೊಲೀಸರು ತುರ್ತು ಕಾಯ್ದೆಗೆ ಒಂದು ದಿನ ಮೊದಲೇ ತೆರವು ಮಾಡಿದ್ದರಲ್ಲ.

2023ರ ಅಕ್ಟೋಬರ್ ನಂತರ ಗಾಜಾ ಯುದ್ಧದ ಪ್ರತಿಭಟನೆಗಳು ಬಂದವು. ಆಗ ಪಾತ್ರಗಳು ಅದಲುಬದಲಾದವು. ಲಾರಿಯವರ ಹಕ್ಕಿನ ಬಗ್ಗೆ ಭಾಷಣ ಮಾಡಿದವರಲ್ಲಿ ಹಲವರು ಈಗ ಪೊಲೀಸರನ್ನು ಕಳಿಸಿ ಎಂದರು. ಲಾರಿಗಳನ್ನು ಎಳೆದು ಹಾಕಿ ಎಂದಿದ್ದವರು ಪ್ರತಿಭಟನೆ ಪವಿತ್ರ ಎಂದರು. ಟೊರೊಂಟೊ ವಿಶ್ವವಿದ್ಯಾಲಯದ ಹುಲ್ಲುಹಾಸಿನಲ್ಲಿ ಎರಡು ತಿಂಗಳು ನಿಂತ ಡೇರೆಗಳನ್ನು ಕೋರ್ಟ್ 2024ರ ಜುಲೈನಲ್ಲಿ ಎಬ್ಬಿಸಿತು. ನಿಮ್ಮ ಮಾತಿಗೆ ಅಡ್ಡಿಯಿಲ್ಲ, ಆದರೆ ಎಲ್ಲರ ಜಾಗವನ್ನು ನೀವೇ ಇಟ್ಟುಕೊಂಡು ಯಾರು ಬರಬೇಕು ಎಂದು ತೀರ್ಮಾನಿಸುವಂತಿಲ್ಲ ಎನ್ನುವುದು ತೀರ್ಪಿನ ಸಾರ. ಮಾಂಟ್ರಿಯಲ್‌ನ ಮ್ಯಾಕ್‌ಗಿಲ್ ವಿಶ್ವವಿದ್ಯಾಲಯ ಇಂಥದೇ ಆದೇಶ ಕೇಳಿದಾಗ ಅಲ್ಲಿನ ಕೋರ್ಟ್ ಕೊಟ್ಟಿರಲಿಲ್ಲ.

ಆಮೇಲೆ ಶುರುವಾದದ್ದು ಮೀಟರ್ ಲೆಕ್ಕ. ವಾನ್ ನಗರ ಪ್ರಾರ್ಥನಾ ಸ್ಥಳ, ಶಾಲೆಗಳ ಸುತ್ತ 100 ಮೀಟರ್ ಒಳಗೆ ಬೆದರಿಸುವಂಥ ಪ್ರತಿಭಟನೆ ಬೇಡ ಎಂದಿತು. ಟೊರೊಂಟೊ 2025ರಲ್ಲಿ 50 ಮೀಟರ್ ಎಂದಿತು. ಬ್ರಾಂಪ್ಟನ್‌ಗೆ 100 ಮೀಟರ್ ಬಂದ ಕಾರಣ ನಮಗೆ ಗೊತ್ತಿರುವಂಥದೇ. 2024ರ ನವೆಂಬರ್ 3ರಂದು ಅಲ್ಲಿನ ಹಿಂದೂ ಸಭಾ ಮಂದಿರದಲ್ಲಿ ಭಾರತೀಯ ಕಾನ್ಸುಲೇಟ್‌ನವರು ಶಿಬಿರ ಹಾಕಿದ್ದರು. ಪಿಂಚಣಿ ತೆಗೆದುಕೊಳ್ಳುವ ಹಿರಿಯರಿಗೆ ಪ್ರತಿ ವರ್ಷ ಬೇಕಲ್ಲ, 'ನಾನಿನ್ನೂ ಬದುಕಿದ್ದೇನೆ' ಎನ್ನುವ ಜೀವಿತ ಪ್ರಮಾಣ ಪತ್ರ, ಅದಕ್ಕೆ. ಖಲಿಸ್ತಾನಿ ಬಾವುಟದವರು ಬಂದರು, ಹೊಡೆದಾಟವಾಯಿತು, ಬಾವುಟ ಹಿಡಿದ ಗುಂಪಿನಲ್ಲಿ ಕಾಣಿಸಿಕೊಂಡ ಪೊಲೀಸ್ ಅಧಿಕಾರಿಯೊಬ್ಬ ಸಸ್ಪೆಂಡ್ ಆದ. ನಾವು ವಿರೋಧಿಸಿದ್ದು ದೇವಸ್ಥಾನವನ್ನಲ್ಲ, ಒಳಗಿದ್ದ ಭಾರತ ಸರ್ಕಾರದವರನ್ನು ಎಂದರು ಪ್ರತಿಭಟನೆಯವರು. ಪೂಜೆಗೆ ಬಂದವರಿಗೆ ಕಂಡದ್ದು ತಮ್ಮ ಗುಡಿಯ ಅಂಗಳದಲ್ಲಿ ಕೋಲು ಹಿಡಿದವರು. ಇಬ್ಬರ ಮಾತೂ ಅವರವರ ಮಟ್ಟಿಗೆ ಸುಳ್ಳಲ್ಲ. ಗುಡಿಯೇ ಸರ್ಕಾರಿ ಕಚೇರಿಯೂ ಆದ ದಿನ ಗೆರೆ ಎಲ್ಲಿ ಎಳೆಯಬೇಕು? ನನ್ನ ಲೆಕ್ಕದಲ್ಲಿ ಆ ದಿನವೂ ಬಾಗಿಲ ಹೊರಗೇ. ಪಿಂಚಣಿ ಕಾಗದಕ್ಕೆ ಬಂದ ಮುದುಕರು ಯಾವ ಸರ್ಕಾರದ ಏಜೆಂಟರೂ ಅಲ್ಲ.

ಇಂಥ ಪ್ರತಿ ಗಲಾಟೆಯ ನಂತರವೂ ರಾಜಕಾರಣಿಗಳು 'ಇದು ಕೆನಡಾದ ಮೌಲ್ಯವಲ್ಲ' ಎನ್ನುತ್ತಾರೆ. ಆ ಮೌಲ್ಯಗಳ ಪಟ್ಟಿ ಕೇಳಿದರೆ ಮಾತ್ರ ಸಿಗುವುದಿಲ್ಲ. 2015ರಲ್ಲಿ ಟ್ರೂಡೊ ತಮ್ಮ ದೇಶಕ್ಕೆ ಇದೇ ಎನ್ನುವ ಮೂಲ ಗುರುತು ಇಲ್ಲ ಎಂದಿದ್ದರು. ಮರುವರ್ಷ ಕೆಲಿ ಲೀಚ್ ಎಂಬ ಕನ್ಸರ್ವೇಟಿವ್ ಸಂಸದೆ ವಲಸೆ ಬರುವವರಿಗೆ ಮೌಲ್ಯದ ಪರೀಕ್ಷೆ ಇಡೋಣ ಎಂದು ನಾಯಕತ್ವಕ್ಕೆ ನಿಂತು ಸೋತರು. ಕ್ವಿಬೆಕ್ ಮಾತ್ರ 2019ರಲ್ಲಿ ಟೀಚರು, ಪೊಲೀಸರು ಪೇಟ, ಹಿಜಾಬ್, ಶಿಲುಬೆ ತೊಡುವಂತಿಲ್ಲ ಎಂದು ಕಾನೂನೇ ಮಾಡಿತು. ಬರೆದಿಟ್ಟ ಪಟ್ಟಿ ಎಂದರೆ 1982ರ ಹಕ್ಕುಗಳ ಸನ್ನದು, ಅಷ್ಟೇ. ಅದರಲ್ಲಿ ಶಾಂತಿಯುತವಾಗಿ ಸೇರುವ ಹಕ್ಕು ಇದೆ.

ಕೊನೆಗೆ ಡಾನ್ ವ್ಯಾಲಿ ನಾರ್ತ್‌ಗೇ ವಾಪಸ್ ಹೋಗೋಣ, ಬಸ್ಸಿನಲ್ಲಿ ಮಕ್ಕಳು ಬಂದಿದ್ದ ಅದೇ ಕ್ಷೇತ್ರ. 2025ರ ಚುನಾವಣೆಯಲ್ಲಿ ಅಲ್ಲಿ ಕನ್ಸರ್ವೇಟಿವ್ ಪಕ್ಷದಿಂದ ನಿಂತವರು ಜೋ ಟೇ. ಹಾಂಗ್‌ಕಾಂಗ್ ಮೂಲದವರು, ಅಲ್ಲಿನ ಪ್ರಜಾಪ್ರಭುತ್ವದ ಪರ ಮಾತಾಡಿದ್ದಕ್ಕೆ ಹಾಂಗ್‌ಕಾಂಗ್ ಪೊಲೀಸರು ಅವರ ತಲೆಗೆ 10 ಲಕ್ಷ ಹಾಂಗ್‌ಕಾಂಗ್ ಡಾಲರ್ ಇನಾಮು ಕಟ್ಟಿದ್ದರು. ಪಕ್ಕದ ಮಾರ್ಕಮ್ ಕಡೆಯ ಲಿಬರಲ್ ಸಂಸದ ಪಾಲ್ ಚಿಯಾಂಗ್, ಟೇ ಅವರನ್ನು ಹಿಡಿದು ಚೀನಾದ ಕಾನ್ಸುಲೇಟ್‌ಗೆ ಒಪ್ಪಿಸಿದರೆ ಆ ಇನಾಮು ಸಿಗುತ್ತದೆ ಎಂದು ಚೀನೀ ಪತ್ರಕರ್ತರ ಮುಂದೆ ಹೇಳಿಬಿಟ್ಟಿದ್ದರು. ಚಿಯಾಂಗ್ ಹಿಂದೆ ಪೊಲೀಸ್ ಕೆಲಸದಲ್ಲಿದ್ದವರು. ಸುದ್ದಿಯಾದ ಮೇಲೆ ಕ್ಷಮೆ ಕೇಳಿದರು, ಮಾರ್ಚ್ ಕೊನೆಯ ದಿನ ಕಣದಿಂದ ಹಿಂದೆ ಸರಿದರು. ಏಪ್ರಿಲ್‌ನಲ್ಲಿ ಚುನಾವಣೆ ಕಾಯುವ ಸರ್ಕಾರಿ ತಂಡ ಎಚ್ಚರಿಕೆ ಕೊಟ್ಟಿತು: ಟೇ ಅವರ 'ವಾಂಟೆಡ್' ಪೋಸ್ಟರನ್ನು ಚೀನೀ ಭಾಷೆಯ ಜಾಲತಾಣಗಳಲ್ಲಿ ಬೇಕೆಂದೇ ಹಬ್ಬಿಸುತ್ತಿದ್ದಾರೆ. ಅಷ್ಟು ಹೊತ್ತಿಗೆ ಪೊಲೀಸರ ಸಲಹೆಯಂತೆ ಟೇ ಮನೆ ಮನೆಗೆ ಹೋಗುವುದನ್ನು ನಿಲ್ಲಿಸಿದ್ದರು. ಬಾಗಿಲು ತಟ್ಟದೆ, ಆನ್‌ಲೈನ್‌ನಲ್ಲಿ ವಿಡಿಯೊ ಹಾಕಿಕೊಂಡು ಓಟು ಕೇಳಿದರು. ಏಪ್ರಿಲ್ 28ರಂದು ಸೋತರು.